ಗೇಟಿಗೆ ಯಂತ್ರ ಕೂರಿಸುವ ಮುನ್ನ

ತಮ್ಮಾ, ಕಾರ್ಖಾನೆಗೆ ಬಯೋಮೆಟ್ರಿಕ್ ಹಾಕಿಸುವ ಹೊಣೆ ನಿನಗೆ ಬಂದಿದೆ ಎಂದು ತಿಳಿಯಿತು. ಹಾಕಿಸು, ಬೇಡ ಅನ್ನುವುದಿಲ್ಲ. ಒಬ್ಬರ ಕಾರ್ಡಿನಿಂದ ಇನ್ನೊಬ್ಬರು ಹಾಜರಿ ಹಾಕುವುದು ತಪ್ಪುತ್ತದೆ. ರಾಸಾಯನಿಕದ ಗೋದಾಮಿಗೆ ಯಾರು, ಯಾವ ಹೊತ್ತಿಗೆ ಹೋದರೆಂಬ ಲೆಕ್ಕ ಉಳಿಯುತ್ತದೆ. ಆದರೆ ಯಂತ್ರ ಮಾರಲು ಬಂದವರು ತಾವಾಗಿ ಹೇಳದ ಕೆಲವು ಸಂಗತಿಗಳನ್ನು ನೀನೇ ಕೇಳಿ ತಿಳಿಯಬೇಕು.

ಕಳೆದ ಕಾರ್ಡಿಗೆ ಬದಲಿ ಕೊಡಬಹುದು, ಸೋರಿದ ಬೆರಳಚ್ಚಿಗೆ ಬದಲಿ ಇಲ್ಲ. 2015ರಲ್ಲಿ ಅಮೆರಿಕ ಸರ್ಕಾರದ ಸಿಬ್ಬಂದಿ ಕಚೇರಿಯೇ ತನ್ನಲ್ಲಿದ್ದ 56 ಲಕ್ಷ ಜನರ ಬೆರಳಚ್ಚು ಕಳವಾಗಿದೆ ಎಂದು ಒಪ್ಪಿಕೊಂಡಿತು. ಅಷ್ಟು ದೂರವೇಕೆ, 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ನಕಲು ಮಾಡಿ, ಆಧಾರ್ ಜೋಡಿಸಿದ ಖಾತೆಗಳಿಂದ ಹಣ ಎಗರಿಸಿದ ದೂರುಗಳು ಬಂದವು. ಹಾಗಾಗಿ ಯಂತ್ರ ಬೆರಳಿನ ಚಿತ್ರವನ್ನೇ ಇಟ್ಟುಕೊಳ್ಳುತ್ತದೆಯೋ, ಗೆರೆಗಳಿಂದ ತೆಗೆದ ಅಂಕಿಗಳನ್ನಷ್ಟೆಯೋ ಎಂದು ಕೇಳು. ಚಿತ್ರ ಇಡುವ ಯಂತ್ರ ಬೇಡವೇ ಬೇಡ. ಆ ಅಂಕಿಗಳನ್ನೂ ಕಂಪನಿಯ ಸರ್ವರಿಗೆ ಸೇರಿಸದೆ, ಕೆಲಸಗಾರರ ಕಾರ್ಡಿನ ಚಿಪ್‌ನಲ್ಲೇ ಇಡುವ ವ್ಯವಸ್ಥೆಯಿದೆ. ದುಡ್ಡು ತುಸು ಹೆಚ್ಚಾದರೂ ನನ್ನ ಒಲವು ಅದಕ್ಕೇ. ಕೆಲಸ ಬಿಟ್ಟವರ ದತ್ತಾಂಶ ಯಾವಾಗ, ಯಾರು ಅಳಿಸುತ್ತಾರೆ ಎಂಬುದನ್ನು ಕರಾರಿನಲ್ಲೇ ಬರೆಸು.

ಇನ್ನೊಂದು ಮಾತು, ನನ್ನ ಮನಸ್ಸಿಗೆ ತುಂಬ ಹತ್ತಿರದ್ದು. ಸಿಮೆಂಟು ಕಲಸುವವರ, ಸೋಪಿನ ನೀರಲ್ಲಿ ದಿನವಿಡೀ ಪಾತ್ರೆ ತೊಳೆಯುವವರ, ವಯಸ್ಸಾದವರ ಬೆರಳ ಗೆರೆ ಸವೆದಿರುತ್ತದೆ. ಯಂತ್ರ ಅವರನ್ನು ಗುರುತಿಸದೆ ಕೀಂಗುಟ್ಟುತ್ತದೆ. ಹಿಂದೆ ಸಾಲು ಬೆಳೆಯುತ್ತದೆ, ಮುಂದಿದ್ದವರು ಕೈಯನ್ನು ಸೆರಗಿಗೆ ಒರೆಸಿ ಒರೆಸಿ ಮತ್ತೆ ಇಡುತ್ತಾರೆ. ಅಷ್ಟರಲ್ಲಿ ತಡವಾಗಿ, ಅರ್ಧ ದಿನದ ಕೂಲಿ ಖೋತಾ. ಕಂಪನಿಗಾಗಿ ದುಡಿದೇ ಸವೆದ ಬೆರಳಿಗೆ ಕಂಪನಿಯೇ ದಂಡ ಹಾಕುವುದು ಅನ್ಯಾಯ ಕಣಪ್ಪ. ಪ್ರತಿಯೊಬ್ಬರದೂ ಎರಡು ಕೈಯ ಬೆರಳುಗಳನ್ನು ನೋಂದಾಯಿಸು. ಅದೂ ಆಗದವರಿಗೆ ಕಾರ್ಡು ಮತ್ತು ಪಿನ್ ಕೊಡು, ಅದನ್ನು ಉಪಕಾರವೆಂಬಂತೆ ಕೊಡಬೇಡ. ಯಂತ್ರ ಕೈಕೊಟ್ಟ ದಿನ ಮೇಸ್ತ್ರಿಯ ಸಹಿಯುಳ್ಳ ಹಾಜರಿ ಪುಸ್ತಕಕ್ಕೂ ಅಷ್ಟೇ ಬೆಲೆ ಇರಲಿ.

2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಉದ್ಯೋಗದ ಕೆಲವು ಉದ್ದೇಶಗಳಿಗೆ ಒಪ್ಪಿಗೆ ಕೇಳದೆಯೂ ಮಾಹಿತಿ ಬಳಸಲು ಮಾಲೀಕರಿಗೆ ಅವಕಾಶ ಕೊಟ್ಟಿದೆ. ಕೊಟ್ಟರೂ ನೀನು ಜನರನ್ನು ಕೂರಿಸಿಕೊಂಡು, ಏನು ತೆಗೆದುಕೊಳ್ಳುತ್ತೇವೆ, ಏಕೆ, ಎಷ್ಟು ದಿನ ಇಡುತ್ತೇವೆ ಎಂದು ಅವರ ಭಾಷೆಯಲ್ಲಿ ಹೇಳು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ಗೇಟಿನ ಒಳಗೂ ಇರುತ್ತದೆ.

ಕೊನೆಗೆ ಬಾಗಿಲಿನ ವಿಷಯ. ಬೆಂಕಿಯ ಗಂಟೆ ಹೊಡೆದರೆ, ಕರೆಂಟ್ ಹೋದರೆ, ಒಳಗಿದ್ದವರು ಬೆರಳಿಡದೆಯೇ ಹೊರಬರುವಂತಿರಬೇಕು. ಅದನ್ನು ಕಾಗದದಲ್ಲಿ ಓದಿ ಬಿಡಬೇಡ, ನೀನೇ ಒಳಗೆ ನಿಂತು ಮೇನ್ ಸ್ವಿಚ್ ಆರಿಸಿ ನೋಡು. ರಾತ್ರಿ ಪಾಳಿಯಲ್ಲೂ ಒಮ್ಮೆ ನೋಡು.