ತಮ್ಮನ ಜೊತೆ ವಾದ ಮಾಡುವುದನ್ನು ಬಿಟ್ಟ ಮೇಲೆ



ನಮ್ಮ ಕೂಟದ ಈ ಪತ್ರಿಕೆಗೆ ಇದುವರೆಗೆ ನಾನು ಬರೆದದ್ದೆಲ್ಲ ತೆರಿಗೆ ಫಾರಂ, ವೀಸಾ, ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದು ಹೇಗೆ ಅಂತ. ಈ ಸಲದ ವಿಷಯ ಬೇರೆ. ನನ್ನ ತಮ್ಮನಿಗೆ ಸ್ಕಿಜೋಫ್ರೀನಿಯಾ ಇದೆ. ಇಷ್ಟು ಚಿಕ್ಕ ವಾಕ್ಯ ಬರೆಯಲು ನನಗೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಯುಗಾದಿಗೋ ರಾಜ್ಯೋತ್ಸವಕ್ಕೋ ಸೇರಿದಾಗ ನಿಮ್ಮಲ್ಲಿ ಕೆಲವರು "ತಮ್ಮ ಏನ್ ಮಾಡ್ತಿದ್ದಾನೆ?" ಎಂದು ಕೇಳಿದ್ದೀರಿ. "ಊರಲ್ಲೇ ತೋಟ ನೋಡ್ಕೊಂಡಿದ್ದಾನೆ" ಎಂದು ಹೇಳಿ, ಪುಳಿಯೋಗರೆ ತಟ್ಟೆ ಹಿಡಿದು ಮೆಲ್ಲಗೆ ಬೇರೆ ಗುಂಪಿಗೆ ಜಾರಿದ್ದೇನೆ. ಕ್ಷಮಿಸಿ.

ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಇಂಜಿನಿಯರು. ಆದ್ದರಿಂದ ಇದು ವೈದ್ಯಕೀಯ ಸಲಹೆಯಲ್ಲ. ತಪ್ಪು ಮಾಡಿ ಕಲಿತವನೊಬ್ಬನ ಪಾಠ. ಬರೆಯುವ ಮೊದಲು ತಮ್ಮನನ್ನು ಕೇಳಿದೆ. "ಬರಿ ಅಣ್ಣ, ಹೆಸರು ಮಾತ್ರ ಹಾಕಬೇಡ" ಅಂದ.

ಶುರುವಾದದ್ದು ಹೀಗೆ

ನಮ್ಮ ಊರು ತಿಪಟೂರು. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದವರು. 2012ರಲ್ಲಿ ತಮ್ಮ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ. ಹಾಸ್ಟೆಲಿನಿಂದ ಮನೆಗೆ ಬಂದವನು ವಾಪಸ್ ಹೋಗಲಿಲ್ಲ. ರಾತ್ರಿಯೆಲ್ಲ ಎಚ್ಚರ, ಸ್ನಾನ ಇಲ್ಲ. ಟಿವಿಯ ಪೆಟ್ಟಿಗೆಯ ಮೂಲಕ ಪಕ್ಕದ ಮನೆಯವರು ನಮ್ಮ ಮಾತು ಕೇಳುತ್ತಿದ್ದಾರೆಂದು ಅದರ ಮೇಲೆ ಟವೆಲ್ ಮುಚ್ಚಿಡುತ್ತಿದ್ದ. ಮೊದಲು ದೃಷ್ಟಿ ತೆಗೆದರು, ಹರಕೆ ಹೊತ್ತರು, ಜಾತಕ ತೋರಿಸಿದರು. ಹೀಗೇ ಒಂದು ವರ್ಷ ಕಳೆಯಿತು. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್. ಅಮ್ಮ ವಾರ್ಡಿನಲ್ಲಿ ಅವನ ಜೊತೆಯಲ್ಲೇ ಇದ್ದರು. ಮಾತ್ರೆ ಶುರುವಾಗಿ ನಾಲ್ಕೈದು ವಾರದಲ್ಲಿ ಟಿವಿಯ ಮೇಲಿನ ಟವೆಲ್ ಕೆಳಗಿಳಿಯಿತು. ಎಲ್ಲ ಸರಿಹೋಯಿತು ಎಂದುಕೊಂಡು 2013ರಲ್ಲಿ ನಾನು ಅಮೆರಿಕಾ ವಿಮಾನ ಹತ್ತಿದೆ. ಆರು ತಿಂಗಳಿಗೆ ಅವನು ಮಾತ್ರೆ ಬಿಟ್ಟ.

ಕಾಯಿಲೆಯ ಬಗ್ಗೆ ನಾಲ್ಕು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 300 ಜನರಿಗೆ ಒಬ್ಬರಿಗೆ ಇದು ಇದೆ. ಹೆಚ್ಚಾಗಿ ಹದಿಹರೆಯದ ಕೊನೆ ಅಥವಾ ಇಪ್ಪತ್ತರ ಹರೆಯದಲ್ಲಿ ಶುರುವಾಗುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಒಬ್ಬನೊಳಗೆ ಇಬ್ಬರು ಇರುವ ಕಾಯಿಲೆ ಇದಲ್ಲ. ತಾಯಿ ಬೆಳೆಸಿದ್ದು ಸರಿಯಿಲ್ಲದೆ ಬರುವುದೂ ಅಲ್ಲ. ಆ ಹಳೆಯ ವಾದವನ್ನು ವೈದ್ಯರು ಯಾವತ್ತೋ ಕೈಬಿಟ್ಟಿದ್ದಾರೆ. ವಂಶವಾಹಿಗಳ ಪಾತ್ರವಂತೂ ಇದೆ. ಒಡಹುಟ್ಟಿದವರಿಗೆ ಬರುವ ಸಂಭವ ಹತ್ತರಲ್ಲಿ ಒಂದಕ್ಕಿಂತ ತುಸು ಕಡಿಮೆ. ಅಂದರೆ ಹತ್ತರಲ್ಲಿ ಒಂಬತ್ತು ಜನಕ್ಕೆ ಬರುವುದಿಲ್ಲ. ಈ ಲೆಕ್ಕ ಗೊತ್ತಾಗುವವರೆಗೆ, ಒಂದು ರಾತ್ರಿ ನಿದ್ದೆ ಬಾರದಿದ್ದರೂ "ನನಗೂ ಶುರುವಾಯಿತೇ?" ಎಂದು ಹೆದರುತ್ತಿದ್ದೆ.

ಭಾನುವಾರದ ಫೋನು

ಇಲ್ಲಿ ಶನಿವಾರ ಸಂಜೆ ಅಂದರೆ ಅಲ್ಲಿ ಭಾನುವಾರ ಬೆಳಿಗ್ಗೆ. ಪ್ರತಿ ವಾರ ಫೋನ್ ಮಾಡುತ್ತಿದ್ದೆ. ಏನು ಮಾತಾಡುತ್ತಿದ್ದೆ ಅಂತೀರಾ? ವಾದ! "ಪಕ್ಕದ ಮನೆಯವರು ಕೇಳಿಸಿಕೊಳ್ತಾರೆ ಅಂತೀಯಲ್ಲ, ಪ್ರೂಫ್ ಎಲ್ಲಿ? ಟಿವಿಯಲ್ಲಿ ಮೈಕೇ ಇಲ್ಲ ಕಣೋ!" ಒಂದೊಂದಾಗಿ ಅವನ ಮಾತು ಕತ್ತರಿಸುತ್ತಿದ್ದೆ. ವಾದದಲ್ಲಿ ಪ್ರತಿ ವಾರ ಗೆಲ್ಲುತ್ತಿದ್ದವನು ನಾನೇ. ಫೋನಿಟ್ಟ ಮೇಲೆ ಅವನು ಊಟ ಮಾಡುತ್ತಿರಲಿಲ್ಲ ಎಂದು ಅಮ್ಮ ನನಗೆ ಹೇಳುತ್ತಿರಲಿಲ್ಲ.

2019ರ ಡಿಸೆಂಬರಿನಲ್ಲಿ ಮೂರು ವಾರ ರಜೆ ಹಾಕಿ ಹೋದೆ. ಹಿತ್ತಿಲಿನ ದಾಸವಾಳದ ಕುಂಡದಲ್ಲಿ ಮಣ್ಣು ಕೆದಕಿದರೆ ಮಾತ್ರೆಗಳು! ನಲವತ್ತಕ್ಕೂ ಹೆಚ್ಚು. ನನಗೆ ತಲೆ ಕೆಟ್ಟಿತು. "ನಿನಗೆ ಹುಚ್ಚು ಹಿಡಿದಿದೆ, ಅಪ್ಪ ಅಮ್ಮನ್ನ ಸಾಯಿಸ್ತೀಯಾ" ಎಂದು ಬೀದಿಗೆ ಕೇಳುವಂತೆ ಕೂಗಾಡಿದೆ. ಅವನು ಚಪ್ಪಲಿ ಹಾಕಿಕೊಂಡು ಹೊರಟೇ ಹೋದ. ಎರಡು ರಾತ್ರಿ ಪತ್ತೆಯಿಲ್ಲ. ಅರಸೀಕೆರೆ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಕೂತಿದ್ದವನನ್ನು ಅಪ್ಪನ ಹಳೆಯ ಶಿಷ್ಯರೊಬ್ಬರು ಗುರುತು ಹಿಡಿದು ಕರೆತಂದರು. ಮುಂದೆ ಎಂಟು ತಿಂಗಳು ಅವನು ನನ್ನ ಜೊತೆ ಮಾತಾಡಲಿಲ್ಲ.

ನಲವತ್ತು ಮಾತ್ರೆ ಎಣಿಸಿದ ನಾನು, ಅವನು ಯಾಕೆ ನುಂಗುತ್ತಿಲ್ಲ ಎಂದು ಒಂದು ಸಲವೂ ಕೇಳಿರಲಿಲ್ಲ.

ತನಗೆ ಕಾಯಿಲೆ ಎಂದು ಗೊತ್ತಾಗದ ಕಾಯಿಲೆ

ಅಮೆರಿಕಾದಲ್ಲಿ ನ್ಯಾಮಿ ಎಂಬ ಸಂಸ್ಥೆ ಇದೆ. 1979ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ, ಇಂಥ ಕಾಯಿಲೆಯ ಮಕ್ಕಳಿದ್ದ ಮನೆಯವರು ಸೇರಿ ಕಟ್ಟಿಕೊಂಡದ್ದು. 'ಫ್ಯಾಮಿಲಿ ಟು ಫ್ಯಾಮಿಲಿ' ಎಂಬ ಎಂಟು ಪಾಠಗಳ ತರಗತಿಯನ್ನು ಇವರು ಉಚಿತವಾಗಿ ನಡೆಸುತ್ತಾರೆ. ಹೇಳಿಕೊಡುವವರೂ ನಮ್ಮಂಥ ಮನೆಯವರೇ. 2021ರಲ್ಲಿ, ಕೋವಿಡ್ ಕಾಲದಲ್ಲಿ, ಆನ್‌ಲೈನಿನಲ್ಲೇ ಕೂತು ಮುಗಿಸಿದೆ. 'ಅನೊಸೊಗ್ನೋಸಿಯಾ' ಎಂಬ ಶಬ್ದ ನನ್ನ ಕಿವಿಗೆ ಬಿದ್ದದ್ದು ಆಗ.

1914ರಲ್ಲಿ ಫ್ರಾನ್ಸಿನ ನರವೈದ್ಯ ಬಾಬಿನ್ಸ್ಕಿ ಕೊಟ್ಟ ಹೆಸರಿದು. ಪಾರ್ಶ್ವವಾಯು ಬಡಿದು ಕೈ ಬಿದ್ದುಹೋದ ಕೆಲವು ರೋಗಿಗಳು "ನನ್ನ ಕೈಗೆ ಏನೂ ಆಗಿಲ್ಲ" ಎನ್ನುತ್ತಿದ್ದರು. ಹಟಕ್ಕಲ್ಲ, ಅವರ ಮೆದುಳಿಗೆ ನಿಜವಾಗಿಯೂ ಅದು ಗೊತ್ತಾಗುತ್ತಿರಲಿಲ್ಲ. ಸ್ಕಿಜೋಫ್ರೀನಿಯಾ ಇರುವ ಹಲವರಲ್ಲಿಯೂ ಹೀಗೇ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಸರ್ವರ್ ಕೆಟ್ಟಿದೆಯೇ ಎಂದು ನೋಡುವ ಪ್ರೋಗ್ರಾಂ ಅದೇ ಕೆಟ್ಟ ಸರ್ವರಿನಲ್ಲಿ ಓಡುತ್ತಿದ್ದರೆ ಏನು ವರದಿ ಬರುತ್ತದೆ? "ಎಲ್ಲ ಸರಿಯಾಗಿದೆ" ಅಂತ ತಾನೇ! ನಾನು ಆರೇಳು ವರ್ಷ ಆ ವರದಿಯ ಜೊತೆ ಜಗಳವಾಡಿದ್ದೆ.

ಇದನ್ನು ಜನರಿಗೆ ತಿಳಿಯುವಂತೆ ಹೇಳಿದವರು ಸೇವಿಯರ್ ಅಮಡೋರ್ ಎಂಬ ಮನಶ್ಶಾಸ್ತ್ರಜ್ಞ. ಅವರ ಅಣ್ಣನಿಗೂ ಇದೇ ಕಾಯಿಲೆ ಇತ್ತು. ಅವರೂ ನನ್ನ ಹಾಗೆಯೇ ವಾದ ಮಾಡಿ ಸೋತು, ನಂತರ ದಾರಿ ಬದಲಿಸಿದವರು. 2000ದಲ್ಲಿ ಅವರ ಪುಸ್ತಕ ಬಂತು. ಅವರು ಹೇಳುವ ನಾಲ್ಕು ಹೆಜ್ಜೆಗಳನ್ನು ನಮ್ಮ ಮನೆಯ ಉದಾಹರಣೆಯಿಂದಲೇ ಹೇಳುತ್ತೇನೆ.

1. ಕೇಳಿಸಿಕೊಳ್ಳಿ. ತಿದ್ದಬೇಡಿ. ಅವನು "ರಾತ್ರಿ ಅವರ ಮಾತು ಕೇಳಿಸ್ತು ಅಣ್ಣ" ಅಂದರೆ, "ರಾತ್ರಿ ಅವರ ಮಾತು ಕೇಳಿಸ್ತಾ? ಏನಂದ್ರು?" ಅಷ್ಟೇ. ನಾಲಿಗೆ ಕಚ್ಚಿಕೊಂಡು ಕೂರಬೇಕಾಗುತ್ತದೆ.

2. ಸಂಕಟಕ್ಕೆ ಸ್ಪಂದಿಸಿ. ಮಾತು ಸುಳ್ಳಿರಬಹುದು, ಹೆದರಿಕೆ ಸುಳ್ಳಲ್ಲ. "ಹಾಗೆ ಕೇಳಿಸ್ತಿದ್ರೆ ಮಲಗೋದೇ ಕಷ್ಟ ಅಲ್ವಾ? ಎಷ್ಟು ಹೊತ್ತಿಗೆ ನಿದ್ದೆ ಹತ್ತಿತು?"

3. ಇಬ್ಬರೂ ಒಪ್ಪುವ ಒಂದು ವಿಷಯ ಹುಡುಕಿ. ನಮಗೆ ಸಿಕ್ಕಿದ್ದು ನಿದ್ದೆ. ಕಾಯಿಲೆ ಇದೆ ಎಂದು ಅವನು ಇವತ್ತಿಗೂ ಪೂರ್ತಿ ಒಪ್ಪುವುದಿಲ್ಲ. ಆದರೆ ನಿದ್ದೆ ಬೇಕು ಎಂದು ಅವನೂ ಅಂದ, ನಾನೂ ಅಂದೆ.

4. ಅಷ್ಟಕ್ಕೆ ಮಾತ್ರ ಕೈಜೋಡಿಸಿ. "ನಿದ್ದೆ ಬಗ್ಗೆ ಡಾಕ್ಟರನ್ನ ಕೇಳೋಣ್ವಾ?" ಅಂದೆ. ಹೋದ. ಅಲ್ಲಿ ಅವನೇ ಬಾಯಿಬಿಟ್ಟ: ಮಾತ್ರೆ ತೆಗೆದುಕೊಂಡರೆ ಕೈ ನಡುಗಿ ಕಾಫಿ ಲೋಟ ಹಿಡಿಯಲು ಆಗುತ್ತಿರಲಿಲ್ಲ, ನಾಲಿಗೆ ಭಾರವಾಗುತ್ತಿತ್ತು. ದಾಸವಾಳದ ಕುಂಡದ ರಹಸ್ಯ ಇಷ್ಟೇ! ಡಾಕ್ಟರು ಔಷಧಿ ಬದಲಿಸಿದರು. ಈಗ ತಿಂಗಳಿಗೊಂದು ಇಂಜೆಕ್ಷನ್.

"ನೀನು ನನ್ನ ಮಾತು ನಂಬ್ತೀಯಾ?" ಎಂದು ನೇರವಾಗಿ ಕೇಳಿದರೆ ಸುಳ್ಳು ಹೇಳಬೇಕಿಲ್ಲ. ನಾನು ಹೇಳುವುದು: "ನನಗೆ ಹಾಗನ್ನಿಸೋದಿಲ್ಲ ಕಣೋ. ನನ್ನದೇ ತಪ್ಪಿರಬಹುದು. ಅದಕ್ಕೋಸ್ಕರ ನಮ್ಮಿಬ್ಬರಿಗೆ ಜಗಳ ಬೇಡ."

ಒಂದು ಎಚ್ಚರಿಕೆ: ಸಾಯುವ ಮಾತು, ಹೊಡೆಯುವ ಸೂಚನೆ, ಊಟ ನೀರು ಬಿಟ್ಟಿರುವುದು ಕಂಡರೆ ಈ ಹೆಜ್ಜೆಗಳನ್ನು ಎಣಿಸುತ್ತ ಕೂರಬೇಡಿ. ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯ ಮಾತಿನ ತೂಕ

1950ರ ದಶಕದಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಆಸ್ಪತ್ರೆಯಿಂದ ಬಿಡುಗಡೆಯಾದ ರೋಗಿಗಳು ಎಲ್ಲಿಗೆ ಹೋದರೆ ಹೇಗಿರುತ್ತಾರೆ ಎಂದು ನೋಡಿದರು. ತಂದೆ ತಾಯಿ ಅಥವಾ ಹೆಂಡತಿಯ ಬಳಿಗೆ ಹೋದವರಿಗಿಂತ, ಬಾಡಿಗೆ ಕೋಣೆಗೋ ಅಣ್ಣ ತಮ್ಮ ಅಕ್ಕ ತಂಗಿಯರ ಮನೆಗೋ ಹೋದವರು ಚೆನ್ನಾಗಿದ್ದರು! ಮುಂದಿನ ಅಧ್ಯಯನಗಳಲ್ಲಿ ಕಾರಣ ತಿಳಿಯಿತು: ಸದಾ ಟೀಕೆ, ದ್ವೇಷ, ಅತಿಯಾದ ಕಾಳಜಿ ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. 1980ರ ದಶಕದಲ್ಲಿ ಚಂಡೀಗಢದಲ್ಲೂ ನೋಡಿದಾಗ ನಮ್ಮ ಕುಟುಂಬಗಳಲ್ಲಿ ಇವು ಲಂಡನ್ನಿಗಿಂತ ಕಡಿಮೆ ಕಂಡವು. ಕಾಯಿಲೆ ಮನೆಯವರಿಂದ ಬರುತ್ತದೆ ಎಂದು ಇದರ ಅರ್ಥವಲ್ಲ. ನಮ್ಮ ಮನೆಯಲ್ಲಿ ಟೀಕೆ ನನ್ನದು, ಅತಿ ಕಾಳಜಿ ಅಮ್ಮನದು. ಮೂವತ್ತರ ಮಗನಿಗೆ ತುತ್ತು ಕಲಸಿ ಕೊಡುತ್ತಿದ್ದರು. ಈಗ ಅವನೇ ಬಡಿಸಿಕೊಳ್ಳುತ್ತಾನೆ, ಬೆಳಿಗ್ಗೆ ತೋಟಕ್ಕೂ ಹೋಗುತ್ತಾನೆ. ಹಾಗಾಗಿ ನಾನು ನಿಮಗೆ ಹೇಳುತ್ತಿದ್ದದ್ದು ಈಗ ನಿಜವೇ.

ಗೊತ್ತಿರಬೇಕಾದ ಕಾಗದಪತ್ರ

ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ರೋಗಿಯು ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯೊಬ್ಬರನ್ನು ತಾನೇ ಹೆಸರಿಸಬಹುದು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿದರೆ ಸಾಕು. ಮುಂದೆ ಹುಷಾರಿಲ್ಲದಾಗ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಮೊದಲೇ ಬರೆದಿಡುವ ಅವಕಾಶವೂ ಇದೆ. ನನ್ನ ಹೆಸರು ಬರೆಯುತ್ತಾನೆ ಎಂದುಕೊಂಡಿದ್ದೆ. ಊರಿನಲ್ಲೇ ಇರುವ ಸೋದರತ್ತೆಯ ಮಗನ ಹೆಸರು ಬರೆದ. ಎರಡು ದಿನ ಬೇಜಾರಾಯಿತು. ಆಮೇಲೆ ಯೋಚಿಸಿದರೆ, ರಾತ್ರಿ ಹನ್ನೊಂದಕ್ಕೆ ಕರೆದರೆ ಬರುವವನು ಅವನೇ, ನಾನಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಶೇಕಡಾ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಕೆಲವು ಸೌಲಭ್ಯಗಳುಂಟು. ಊರಿನಲ್ಲಿರುವ ಅಪ್ಪ ಅಮ್ಮನಿಗೆ 14416 ಎಂಬ ನಂಬರು ಬರೆದುಕೊಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಇದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಅಮೆರಿಕಾದಲ್ಲಿ ನಮಗೇ ಕಷ್ಟವಾದರೆ 988.

ನಮ್ಮ ಪಾಲಿನ ಭಾರ

ಮದುವೆಗೆ ಮುಂಚೆ ನಾನು ಇದನ್ನು ಹೆಂಡತಿಗೆ ಹೇಳಿರಲಿಲ್ಲ. ಒಂದು ರಾತ್ರಿ ಅಮ್ಮನ ಫೋನಿನಿಂದ ಅವಳಿಗೆ ಗೊತ್ತಾಯಿತು. ತಿಂಗಳುಗಟ್ಟಲೆ ಕೋಪ ಮಾಡಿಕೊಂಡಳು. ಆ ಕೋಪ ನ್ಯಾಯವಾದದ್ದೇ. ಇಂದು ಭಾನುವಾರದ ಫೋನಿನಲ್ಲಿ ಅವನು ನನಗಿಂತ ಅವಳ ಜೊತೆ ಹೆಚ್ಚು ಮಾತಾಡುತ್ತಾನೆ.

ದುಡ್ಡು ಕಳಿಸುವುದು ಸುಲಭ. ಕಷ್ಟವಾದದ್ದು, ಇಲ್ಲಿ ನಕ್ಕಾಗಲೆಲ್ಲ ಆಗುವ ತಪ್ಪಿತಸ್ಥ ಭಾವ. ಅವನ ಮೇಲೆ ಬರುವ ಸಿಟ್ಟು. ಆ ಸಿಟ್ಟಿನ ಬಗ್ಗೆ ಮತ್ತೆ ನಾಚಿಕೆ. ತರಗತಿಯಲ್ಲಿ ಒಬ್ಬೊಬ್ಬರೂ ಇದನ್ನೇ ಹೇಳಿದಾಗ ನನಗೆ ಅರ್ಧ ಭಾರ ಇಳಿಯಿತು. ಉಳಿದರ್ಧ ಇದೆ. ಅಪ್ಪನಿಗೆ ಎಪ್ಪತ್ತು ದಾಟಿದೆ. ಅವರ ನಂತರ ತಮ್ಮ ಯಾರ ಜೊತೆ ಇರಬೇಕು? ನಾವು ವಾಪಸ್ ಹೋಗುವುದೇ? ಉತ್ತರ ಇನ್ನೂ ಸಿಕ್ಕಿಲ್ಲ. ಆದರೆ ಆ ಪ್ರಶ್ನೆಯನ್ನು ಈಗ ಅವನನ್ನೂ ಕೂರಿಸಿಕೊಂಡು ಮಾತಾಡುತ್ತೇವೆ. ಮೊದಲೆಲ್ಲ ಅವನ ಬೆನ್ನ ಹಿಂದೆ ಮಾತಾಡುತ್ತಿದ್ದೆವು.

ನಮ್ಮ ಕೂಟದಲ್ಲಿ ಇಷ್ಟೊಂದು ಕುಟುಂಬಗಳಿವೆ. ಇದು ನಮ್ಮ ಮನೆಗೆ ಮಾತ್ರ ಬಂದಿರಲಾರದು. ನಿಮ್ಮ ಅಕ್ಕನೋ ತಮ್ಮನೋ ಮಗಳೋ ಇದ್ದರೆ ಮುಂದಿನ ಕಾರ್ಯಕ್ರಮದಲ್ಲಿ ನನ್ನನ್ನು ಪಕ್ಕಕ್ಕೆ ಕರೆಯಿರಿ. ಈ ಸಲ ಪುಳಿಯೋಗರೆ ತಟ್ಟೆ ಹಿಡಿದು ಓಡಿಹೋಗುವುದಿಲ್ಲ. ಕೂತು ಮಾತಾಡೋಣ.


ನಿಮ್ಮ ಕೂಟದ ಒಬ್ಬ ಸದಸ್ಯ