ವಾರದ ಸಂತೆಯ ಹಣ, ಮಗುವಿನ ತಟ್ಟೆ
(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ: ಅರಕಲಗೂಡು ತಾಲ್ಲೂಕು ಮಲ್ಲಿಪಟ್ಟಣ ಹೋಬಳಿ ಹಾಗೂ ನೆರೆಯ ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ಪಂಚಾಯಿತಿಗಳಿಗೆ)

1. ಪಾಠದ ಉದ್ದೇಶ

ಕೂಲಿ ಹಾಗೂ ಸಣ್ಣ ಹಿಡುವಳಿಯನ್ನು ನಂಬಿದ ಕುಟುಂಬವೊಂದು ವಾರದ ಸಂತೆಗೆ ಕೊಂಡೊಯ್ಯುವ ಹಣ ಸೀಮಿತವಾದುದು. ಆ ಹಣದಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಸತ್ವಯುತ ಆಹಾರ ದೊರೆಯುವಂತೆ ಮಾಡುವುದು ಹೇಗೆ, ಆ ಕಾರ್ಯದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಪಾತ್ರವೇನು ಎಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶ. ಅಡುಗೆ ಮನೆಯೊಳಗಿನ ವಿಷಯಕ್ಕೂ ಪಂಚಾಯಿತಿಗೂ ಏನು ಸಂಬಂಧವೆಂಬ ಪ್ರಶ್ನೆ ಏಳುವುದು ಸಹಜ. ಆದರೆ ಮಗುವಿನ ತಟ್ಟೆಗೆ ಬೀಳುವ ಆಹಾರದ ಒಂದು ಭಾಗ ನ್ಯಾಯಬೆಲೆ ಅಂಗಡಿಯಿಂದಲೂ ಇನ್ನೊಂದು ಭಾಗ ಅಂಗನವಾಡಿಯಿಂದಲೂ ಬರಬೇಕಾದದ್ದು. ಇವೆರಡರ ಮೇಲೂ ಸದಸ್ಯರ ನಿಗಾ ಇರತಕ್ಕದ್ದು.

2. ಕೊರತೆ ಎಲ್ಲಿದೆ

2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇಕಡಾ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ಅನ್ನಭಾಗ್ಯ ಯೋಜನೆ 2013ರಲ್ಲೇ ಆರಂಭವಾಗಿ ಬಡ ಕುಟುಂಬಗಳ ಮನೆಯಲ್ಲಿ ಅಕ್ಕಿ ಇದ್ದ ಕಾಲದ ಅಂಕಿಗಳಿವು. ಆದುದರಿಂದ ಕೊರತೆ ಕೇವಲ ಧಾನ್ಯದ್ದಲ್ಲ. ಧಾನ್ಯದ ಜೊತೆಗೆ ತಟ್ಟೆಯಲ್ಲಿರಬೇಕಾದ ಕಾಳು, ಸೊಪ್ಪು, ಮೊಟ್ಟೆ, ಹಾಲುಗಳದ್ದು.

ಈ ಭಾಗದಲ್ಲಿ ಹಿಂದೆ ಈ ಕೊರತೆಯನ್ನು ಹೊಲವೇ ಬಹುಮಟ್ಟಿಗೆ ತುಂಬುತ್ತಿತ್ತು. ರಾಗಿ ಹೊಲದ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಬೆಳೆಯುತ್ತಿದ್ದವು. ವರ್ಷಕ್ಕೆ ಬೇಕಾದ ಕಾಳು ಮನೆಯಲ್ಲೇ ಸಿಗುತ್ತಿತ್ತು. ಹೊಗೆಸೊಪ್ಪು, ಮುಸುಕಿನ ಜೋಳ, ಶುಂಠಿ, ಆಲೂಗೆಡ್ಡೆಯಂತಹ ಹಣದ ಬೆಳೆಗಳು ಬಂದ ಹೊಲದಲ್ಲಿ ಅಕ್ಕಡಿಗೆ ಸ್ಥಳವಿಲ್ಲ. ಹಣದ ಬೆಳೆಯ ಆದಾಯ ವರ್ಷಕ್ಕೊಮ್ಮೆ ಬಂದು ಸಾಲಕ್ಕೆ ಸಂದಾಯವಾಗುತ್ತದೆ. ಕಾಳನ್ನಂತೂ ಪ್ರತಿ ವಾರ ಅಂಗಡಿಯಿಂದ ತರಬೇಕಾಗುತ್ತದೆ. ಹಾಲಿನದೂ ಇದೇ ಕಥೆ. ಮನೆಯಲ್ಲಿ ಹಸು ಇದ್ದರೂ ಕರೆದ ಹಾಲೆಲ್ಲವೂ ಡೇರಿಗೆ ಹೋಗಿ, ಮಗುವಿಗೆ ಟೀ ಮತ್ತು ಬಿಸ್ಕತ್ತು ಉಳಿಯುವ ಮನೆಗಳಿವೆ. ನಾಟಿ ಕೋಳಿಯ ಮೊಟ್ಟೆ ಮಾರಿದ ಹಣದಲ್ಲಿ ಪೊಟ್ಟಣದ ತಿಂಡಿ ಕೊಳ್ಳುವುದೂ ಉಂಟು.

3. ಮನೆಗೆ ಬರಬೇಕಾದ ಪಾಲು

ಸಂತೆಯ ಲೆಕ್ಕಕ್ಕೆ ಮೊದಲು, ಹಣ ಕೊಡದೆಯೇ ಮನೆಗೆ ಬರಬೇಕಾದ ಪಾಲು ಪೂರ್ತಿಯಾಗಿ ಬರುತ್ತಿದೆಯೇ ಎಂದು ನೋಡತಕ್ಕದ್ದು.

ಪಡಿತರ: 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಂತೆ ಅಂತ್ಯೋದಯ ಕುಟುಂಬಕ್ಕೆ ತಿಂಗಳಿಗೆ 35 ಕಿಲೋ, ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ 5 ಕಿಲೋ ಧಾನ್ಯ ಸಲ್ಲುತ್ತದೆ. ಇದಕ್ಕೆ ರಾಜ್ಯ ಸರ್ಕಾರ ಸೇರಿಸುವ ಹೆಚ್ಚುವರಿ ಸೌಲಭ್ಯವನ್ನು ಆಯಾ ತಿಂಗಳ ಹಂಚಿಕೆ ಫಲಕದಲ್ಲಿ ನೋಡಿಕೊಳ್ಳಬೇಕು. ಆದ್ಯತಾ ಕಾರ್ಡಿನಲ್ಲಿ ಹೆಸರಿಲ್ಲದ ಮಗುವಿಗೆ ಪಾಲಿಲ್ಲ. ಮಗು ಹುಟ್ಟಿ ಎರಡು ವರ್ಷವಾದರೂ ಹೆಸರು ಸೇರದಿದ್ದರೆ ಆ ಕುಟುಂಬ ಕಳೆದುಕೊಳ್ಳುವುದು 120 ಕಿಲೋ ಧಾನ್ಯ.

ಅಂಗನವಾಡಿ: ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದ ಮೊದಲ ಯೋಜನೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ನಡೆಯಿತು. ಇಂದು ಮೂರರಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿಯಲ್ಲಿಯೇ ಊಟ, ಮೂರು ವರ್ಷದೊಳಗಿನವರಿಗೆ ಮನೆಗೆ ಕೊಡುವ ಪೂರಕ ಆಹಾರ ದೊರೆಯುತ್ತವೆ. 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು, 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿ ಹಾಗೂ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಇವೂ ಸೇರಿವೆ.

ಗೃಹಲಕ್ಷ್ಮಿ: 2023ರ ಆಗಸ್ಟ್‌ನಿಂದ ಜಾರಿಯಲ್ಲಿರುವ ಈ ಯೋಜನೆಯ ತಿಂಗಳ 2,000 ರೂಪಾಯಿಯನ್ನು ವಾರಕ್ಕೆ ಹಂಚಿದರೆ ಸುಮಾರು 460 ರೂಪಾಯಿ ಆಗುತ್ತದೆ. ಈ ಹಣ ಕೈಸೇರಿದ ದಿನವೇ ಅದರಲ್ಲಿ ಒಂದು ಭಾಗವನ್ನು ಕಾಳು ಮತ್ತು ಮೊಟ್ಟೆಗೆಂದು ಬೇರೆ ತೆಗೆದಿಟ್ಟರೆ ವಾರದ ಲೆಕ್ಕ ಬಹುಮಟ್ಟಿಗೆ ನೇರವಾಗುತ್ತದೆ.

4. ಒಂದು ವಾರದ ಲೆಕ್ಕ

ಉದಾಹರಣೆಗಾಗಿ ಕೂಲಿ ಮಾಡುವ ತಂದೆ ತಾಯಿ, ನಾಲ್ಕು ವರ್ಷದ ಮಗು, ಒಂದೂವರೆ ವರ್ಷದ ಮಗು ಇರುವ ಕುಟುಂಬವನ್ನು ತೆಗೆದುಕೊಳ್ಳಬಹುದು. ಅವರ ಒಂದು ವಾರದ ಅಗತ್ಯ ಸ್ಥೂಲವಾಗಿ ಹೀಗಿದೆ:

ರಾಗಿ ಮತ್ತು ಅಕ್ಕಿ ಸೇರಿ: 7 ಕಿಲೋ
ಕಾಳು ಮತ್ತು ಬೇಳೆ: ಒಂದೂವರೆ ಕಿಲೋ
ಸೊಪ್ಪು: 2 ಕಿಲೋ
ಇತರ ತರಕಾರಿ: 3 ಕಿಲೋ
ಮೊಟ್ಟೆ: 10
ಮಕ್ಕಳಿಬ್ಬರಿಗೆ ಹಾಲು: ದಿನಕ್ಕೆ ಅರ್ಧ ಲೀಟರಿನಂತೆ ಮೂರೂವರೆ ಲೀಟರ್
ಅಡುಗೆ ಎಣ್ಣೆ: ಅರ್ಧ ಲೀಟರ್
ಕಡಲೆಕಾಯಿ ಬೀಜ: ಅರ್ಧ ಕಿಲೋ
ಬೆಲ್ಲ: ಕಾಲು ಕಿಲೋ
ಅಯೋಡಿನ್‌ಯುಕ್ತ ಉಪ್ಪು, ನಿಂಬೆಹಣ್ಣು, ಕಾಲಕ್ಕೆ ದೊರೆಯುವ ಹಣ್ಣು

ನಾಲ್ವರ ಹೆಸರೂ ಕಾರ್ಡಿನಲ್ಲಿದ್ದರೆ ಕಾಯಿದೆಯ ಪಾಲೇ ತಿಂಗಳಿಗೆ 20 ಕಿಲೋ ಆಗುವುದರಿಂದ ಧಾನ್ಯದ ಅಗತ್ಯದ ಮೂರರಲ್ಲಿ ಎರಡು ಭಾಗ ಹಣವಿಲ್ಲದೆ ದೊರೆಯುತ್ತದೆ. ಸಂತೆಯ ಬೆಲೆಗಳು ವಾರದಿಂದ ವಾರಕ್ಕೆ ಬದಲಾಗುವುದರಿಂದ ಇಲ್ಲಿ ಪ್ರಮಾಣವನ್ನು ಮಾತ್ರ ಕೊಡಲಾಗಿದೆ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಈ ಪಟ್ಟಿಯನ್ನು ಓದಿ, ಆ ವಾರದ ಬೆಲೆಯನ್ನು ಮಹಿಳೆಯರಿಂದಲೇ ಬರೆಯಿಸುವುದು ಸೂಕ್ತ.

ಹಣ ಸಾಲದಿದ್ದಾಗ ಏನನ್ನು ಕಡಿಮೆ ಮಾಡಬೇಕೆಂಬುದೇ ಮುಖ್ಯ ಪ್ರಶ್ನೆ. ಸಾಮಾನ್ಯವಾಗಿ ಮೊದಲು ಬಿಟ್ಟುಹೋಗುವವು ಮೊಟ್ಟೆ ಮತ್ತು ಕಾಳು. ಉಳಿಯುವವು ಸಕ್ಕರೆ, ಟೀ ಪುಡಿ, ಪೊಟ್ಟಣದ ತಿಂಡಿ. ಈ ಕ್ರಮ ತಿರುಗಬೇಕು. ಇಬ್ಬರು ಮಕ್ಕಳಿಗೆ ದಿನಕ್ಕೆ 5 ರೂಪಾಯಿಯಂತೆ ಬಿಸ್ಕತ್ತು, ಕುರುಕಲು ಕೊಡಿಸಿದರೆ ವಾರಕ್ಕೆ 70 ರೂಪಾಯಿ ಆಗುತ್ತದೆ. ಮೊಟ್ಟೆಯ ಬೆಲೆ 7 ರೂಪಾಯಿ ಎಂದಿಟ್ಟುಕೊಂಡರೆ ಅದೇ ಹಣಕ್ಕೆ ಪಟ್ಟಿಯ 10 ಮೊಟ್ಟೆಗಳೂ ಬರುತ್ತವೆ.

5. ಕಡಿಮೆ ಬೆಲೆಯಲ್ಲಿ ಹೆಚ್ಚು ಸತ್ವ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಹುರುಳಿಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನು ಇದ್ದು, ಅದು ತೊಗರಿಬೇಳೆಗೆ ಸರಿಸಮ. ಹುರುಳಿಯಲ್ಲಿ ಕಬ್ಬಿಣದ ಅಂಶವೂ ಚೆನ್ನಾಗಿದೆ. ನುಗ್ಗೆಸೊಪ್ಪಿಗೆ ಹಿತ್ತಲಿನಲ್ಲಿ ಒಂದು ಮರವಿದ್ದರೆ ಸಾಕು, ಹಣ ಬೇಕಿಲ್ಲ. ಆದ್ದರಿಂದ ಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ ಬಡವರ ಊಟವೆಂದು ಹೀಗಳೆಯತಕ್ಕ ಊಟವಲ್ಲ. ಈ ನೆಲದ ಹೆಚ್ಚು ಸತ್ವದ ಊಟವೇ ಅದು.

ಉಳಿತಾಯದ ಕ್ರಮಗಳು:

(ಅ) ಬೇಳೆ ದುಬಾರಿಯಾದಾಗ ಹುರುಳಿ, ಅಲಸಂದೆ, ಅವರೆಗಳನ್ನು ಇಡೀ ಕಾಳಾಗಿ ಬಳಸುವುದು. ಮಾರುಕಟ್ಟೆಯಲ್ಲಿ ಯಾವುದು ಅಗ್ಗವೆಂದು ತಿಳಿಯಲು ಕಿಲೋ ಬೆಲೆಗಳನ್ನು ನೇರವಾಗಿ ಹೋಲಿಸಬಹುದು, ಏಕೆಂದರೆ ಕಾಳುಗಳ ಪ್ರೋಟೀನಿನಲ್ಲಿ ಹೆಚ್ಚಿನ ಅಂತರವಿಲ್ಲ.

(ಆ) ಕಾಳನ್ನು ನೆನೆಸಿ ಮೊಳಕೆ ಬರಿಸುವುದು. ಅದರಿಂದ ಬೇಯಿಸುವ ಸೌದೆ ಅಥವಾ ಅನಿಲ ಉಳಿಯುತ್ತದೆ. ಕಬ್ಬಿಣದ ಅಂಶ ದೇಹಕ್ಕೆ ಸೇರುವುದೂ ಸುಲಭವಾಗುತ್ತದೆ.

(ಇ) ಸೊಪ್ಪು, ಕಾಳು ಬೇಯಿಸಿದ ಕಟ್ಟನ್ನು ಚೆಲ್ಲದಿರುವುದು. ಕಟ್ಟಿನಲ್ಲಿ ಸಾರು, ಬಸಿದ ಸೊಪ್ಪು ಕಾಳಿನಲ್ಲಿ ಪಲ್ಯ ಮಾಡುವ ಬಸ್ಸಾರಿನ ಪದ್ಧತಿ ಇದಕ್ಕೆ ಉತ್ತಮ ಮಾದರಿ.

(ಈ) ಊಟಕ್ಕೆ ನಿಂಬೆರಸ ಅಥವಾ ನೆಲ್ಲಿಕಾಯಿ ಸೇರಿಸುವುದು. ಊಟದ ಹಿಂದೆಯೇ ಟೀ ಕುಡಿಯದೆ ಒಂದು ಗಂಟೆಯಾದರೂ ಬಿಡುವುದು. ಟೀಯು ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಚಿಕ್ಕ ಮಕ್ಕಳಿಗೆ ಟೀ ಬೇಡವೇ ಬೇಡ.

(ಉ) ಸುಗ್ಗಿಯ ಹೊತ್ತಿನಲ್ಲಿ ನಾಲ್ಕೈದು ಮನೆಯವರು ಸೇರಿ ಕಾಳನ್ನು ಸಗಟಾಗಿ ಕೊಂಡು, ಚೆನ್ನಾಗಿ ಒಣಗಿಸಿ ಹಂಚಿಕೊಳ್ಳುವುದು. ಸಣ್ಣ ಪೊಟ್ಟಣದಲ್ಲಿ ದಿನದಿನ ಕೊಳ್ಳುವ ಎಣ್ಣೆ, ಬೇಳೆಗಳಿಗೆ ಕಿಲೋ ಲೆಕ್ಕದಲ್ಲಿ ಹೆಚ್ಚು ಹಣ ತೆರಬೇಕಾಗುತ್ತದೆ. ಅಂಗಡಿಯ ಸಾಲದ ಲೆಕ್ಕ ಇರುವವರಿಗೆ ಬೆಲೆ ಕೇಳುವ ಸ್ವಾತಂತ್ರ್ಯವೂ ಇರುವುದಿಲ್ಲ. ಸಂಘದ ಸಾಲವನ್ನು ಈ ಕೆಲಸಕ್ಕೆ ಬಳಸಬಹುದು.

(ಊ) ಡೇರಿಗೆ ಹಾಲು ಹಾಕುವ ಮನೆಯಲ್ಲಿ ಕ್ಯಾನು ತುಂಬುವ ಮೊದಲು ಮಕ್ಕಳ ಅರ್ಧ ಲೀಟರನ್ನು ಬೇರೆ ತೆಗೆದಿಡುವುದು.

6. ಎರಡು ವರ್ಷದೊಳಗಿನ ಮಗು

ಗರ್ಭ ನಿಂತಂದಿನಿಂದ ಮಗುವಿನ ಎರಡನೆಯ ವರ್ಷ ತುಂಬುವವರೆಗಿನ ಸುಮಾರು 1,000 ದಿನಗಳಲ್ಲಿ ಆದ ಬೆಳವಣಿಗೆಯ ನಷ್ಟವನ್ನು ಮುಂದೆ ತುಂಬುವುದು ಬಹಳ ಕಷ್ಟ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಮೇಲಾಹಾರ. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಬಾರಿ, ನಂತರ ಮೂರು ನಾಲ್ಕು ಬಾರಿ ತಿನ್ನಿಸಬೇಕು.

ರಾಗಿ ಸರಿಯನ್ನು ನೀರಾಗಿ ಮಾಡಿ ಕುಡಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಮಗುವಿನ ಹೊಟ್ಟೆ ಚಿಕ್ಕದು; ನೀರಿನಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಚಮಚವನ್ನು ಓರೆ ಮಾಡಿದರೆ ಸರಿ ಹರಿದು ಬೀಳದಷ್ಟು ಗಟ್ಟಿಯಾಗಿರಬೇಕು. ಅದಕ್ಕೆ ಒಂದು ಚಮಚ ಎಣ್ಣೆ ಅಥವಾ ತುಪ್ಪ, ಮಸೆದ ಬೇಳೆ, ಬೇಯಿಸಿದ ಸೊಪ್ಪು ಅಥವಾ ಸಿಹಿಗುಂಬಳ, ಮೊಟ್ಟೆ ತಿನ್ನುವ ಮನೆಗಳಲ್ಲಿ ಬೆಂದ ಮೊಟ್ಟೆಯನ್ನು ಸೇರಿಸತಕ್ಕದ್ದು. ಕಡಲೆಕಾಯಿ ಬೀಜವನ್ನು ಇಡಿಯಾಗಿ ಕೊಡದೆ ನುಣ್ಣಗೆ ಅರೆದು ಕೊಡಬೇಕು. ಇಂತಹ ಸರಿಗೆ ಬೇಕಾದುದೆಲ್ಲವೂ ಮೇಲಿನ ವಾರದ ಪಟ್ಟಿಯಲ್ಲಿಯೇ ಇದೆ. ಡಬ್ಬಿಯ ಆಹಾರಕ್ಕೆ ಹಣ ಹಾಕಬೇಕಾಗಿಲ್ಲ.

ಅಂಗನವಾಡಿಯಲ್ಲಿ ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಕಂಡರೆ ಅದು ತೀವ್ರ ಅಪೌಷ್ಟಿಕತೆ. ಅಂತಹ ಮಗುವನ್ನು ಮನೆ ಊಟದ ಸಲಹೆಗಷ್ಟೇ ಬಿಡದೆ ತಕ್ಷಣ ವೈದ್ಯರಿಗೆ ತೋರಿಸಿ, ಅವರು ಸೂಚಿಸಿದಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸುವಂತೆ ನೋಡಿಕೊಳ್ಳುವುದು ಅವಶ್ಯ. ಅಲ್ಲಿ ತಾಯಿ ಜೊತೆಗಿರಬೇಕಾಗುತ್ತದೆ; ಕೂಲಿ ತಪ್ಪುವುದೆಂದು ಕುಟುಂಬ ಹಿಂದೆಗೆದರೆ ಸದಸ್ಯರು ಮನೆಗೆ ಹೋಗಿ ಮಾತನಾಡುವುದು ಫಲ ಕೊಡುತ್ತದೆ.

7. ಸದಸ್ಯರ ಕರ್ತವ್ಯ

ಒಂದು: ತಮ್ಮ ವಾರ್ಡಿನಲ್ಲಿ ಐದು ವರ್ಷದೊಳಗಿನ ಮಕ್ಕಳ ಪಟ್ಟಿಯನ್ನು ಅಂಗನವಾಡಿ ಕಾರ್ಯಕರ್ತೆಯಿಂದ ಪಡೆದು, ಪಡಿತರ ಚೀಟಿಯಲ್ಲಿ ಹೆಸರಿಲ್ಲದ ಮಕ್ಕಳನ್ನು ಗುರುತಿಸಿ, ಜನನ ಪ್ರಮಾಣಪತ್ರದೊಂದಿಗೆ ಅರ್ಜಿ ಹಾಕಿಸುವುದು.

ಎರಡು: ಆಹಾರ ಭದ್ರತಾ ಕಾಯಿದೆಯು ನ್ಯಾಯಬೆಲೆ ಅಂಗಡಿ ಮಟ್ಟದಲ್ಲಿ ಜಾಗೃತಿ ಸಮಿತಿಯನ್ನೂ ಸಾಮಾಜಿಕ ಪರಿಶೋಧನೆಯನ್ನೂ ವಿಧಿಸಿದೆ. ಸಮಿತಿ ಸಭೆ ಸೇರುತ್ತಿದೆಯೇ, ಫಲಕದಲ್ಲಿ ಹಂಚಿಕೆಯ ವಿವರ ಬರೆದಿದೆಯೇ ಎಂದು ಪರಿಶೀಲಿಸುವುದು. ಪಡಿತರ ಸಹಾಯವಾಣಿ 1967ನ್ನು ಎಲ್ಲರಿಗೂ ಕಾಣುವಂತೆ ಬರೆಯಿಸುವುದು.

ಮೂರು: ತಿಂಗಳಿಗೊಮ್ಮೆ ಅಂಗನವಾಡಿಗೆ ಊಟದ ಹೊತ್ತಿನಲ್ಲಿ ಭೇಟಿ ನೀಡಿ, ಹಾಜರಾತಿ, ತೂಕದ ಪುಸ್ತಕ, ದಾಸ್ತಾನು ನೋಡುವುದು. ಬಿಸಿಯೂಟಕ್ಕೆ ಬಾರದ ಗರ್ಭಿಣಿ, ಬಾಣಂತಿಯರು ಏಕೆ ಬರುತ್ತಿಲ್ಲವೆಂದು ವಿಚಾರಿಸುವುದು. ಹೊಲದ ನಡುವಿನ ಒಂಟಿ ಮನೆಗಳವರಿಗೆ ದೂರವೇ ಅಡ್ಡಿಯಾಗಿರಬಹುದು.

ನಾಲ್ಕು: ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಆರಂಭವಾದ ಕೂಸಿನ ಮನೆ ಇರುವ ಪಂಚಾಯಿತಿಗಳಲ್ಲಿ ಅದು ಕೂಲಿಯ ವೇಳೆಗೆ ತೆರೆದಿರುವಂತೆ ನೋಡಿಕೊಳ್ಳುವುದು.

ಐದು: ಶಾಲೆ, ಅಂಗನವಾಡಿ ಆವರಣ ಹಾಗೂ ಮನೆಗಳ ಹಿತ್ತಲಿನಲ್ಲಿ ನುಗ್ಗೆ, ಪರಂಗಿ, ಸೀಬೆ, ನಿಂಬೆ, ಬಸಳೆ ಬೆಳೆಸಲು ಪ್ರೇರೇಪಿಸುವುದು. ಬಚ್ಚಲು ನೀರು ಹರಿಯುವ ಕಡೆ ಒಂದು ನುಗ್ಗೆ ಗೂಟ ನೆಟ್ಟರೂ ಅದು ಬೆಳೆಯುತ್ತದೆ. ರಾಗಿ ಬೆಳೆಯುವ ರೈತರಿಗೆ ಅಕ್ಕಡಿ ಸಾಲಿನ ಕಾಳನ್ನು ಬಿಡದಂತೆ ತಿಳಿಹೇಳುವುದು.

ಆರು: ಸಾಮಾಜಿಕ ನ್ಯಾಯ ಸಮಿತಿಯ ಸಭೆಯಲ್ಲೂ ಗ್ರಾಮಸಭೆಯಲ್ಲೂ ಮಕ್ಕಳ ತೂಕದ ವಿವರವನ್ನು ಕಾರ್ಯಸೂಚಿಗೆ ಸೇರಿಸುವುದು. ಮಕ್ಕಳ ಹೆಸರು ಹೇಳದೆ ಸಂಖ್ಯೆಯನ್ನು ಮಾತ್ರ ಓದತಕ್ಕದ್ದು. ಬಡತನವನ್ನು ಸಭೆಯಲ್ಲಿ ಬಯಲಿಗೆಳೆದರೆ ಆ ತಾಯಿ ಮುಂದೆ ಅಂಗನವಾಡಿಗೂ ಬರಲಾರಳು.

8. ಚರ್ಚೆಗೆ ಪ್ರಶ್ನೆಗಳು

(1) ತಮ್ಮ ವಾರ್ಡಿನಲ್ಲಿ ಪಡಿತರ ಚೀಟಿಗೆ ಹೆಸರು ಸೇರದ ಮಕ್ಕಳು ಎಷ್ಟು? ಕಾರಣವೇನು?
(2) ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಎಷ್ಟು ಮನೆಯ ಮಕ್ಕಳಿಗೆ ದಿನವೂ ಹಾಲು ಸಿಗುತ್ತಿದೆ?
(3) ಈ ವಾರದ ಸಂತೆಯಲ್ಲಿ ಹುರುಳಿ, ಅಲಸಂದೆ, ತೊಗರಿಬೇಳೆಗಳಲ್ಲಿ ಯಾವುದು ಅಗ್ಗ?
(4) ತೀವ್ರ ಅಪೌಷ್ಟಿಕತೆ ಕಂಡ ಮಕ್ಕಳಲ್ಲಿ ಎಷ್ಟು ಮಂದಿಗೆ ಚಿಕಿತ್ಸೆ ದೊರೆತಿದೆ? ದೊರೆಯದವರ ಮನೆಗೆ ಯಾವ ಸದಸ್ಯರು, ಯಾವ ದಿನ ಹೋಗುವರು?

ಕೊನೆಯ ಪ್ರಶ್ನೆಯ ಉತ್ತರವನ್ನು ದಿನಾಂಕಸಹಿತ ನಡವಳಿ ಪುಸ್ತಕದಲ್ಲಿ ದಾಖಲಿಸಿ, ಮುಂದಿನ ಸಭೆಯಲ್ಲಿ ಮೊದಲ ವಿಷಯವಾಗಿ ಪರಿಶೀಲಿಸತಕ್ಕದ್ದು.