ಒಮ್ಮತಕ್ಕೆ ಕಾಯಬೇಡಿ

ಸರ್ವಧರ್ಮ ಸಮ್ಮೇಳನ ಮಾಡುತ್ತೇವೆ, ಸ್ವಾಮಿಗಳು, ಮೌಲ್ವಿಗಳು, ಫಾದರ್ ಮೂವರೂ ಬರುತ್ತಾರೆ, ನೀವೂ ಬಂದು ನಾಲ್ಕು ಮಾತಾಡಿ ಎಂದು ಕರೆದಿದ್ದೀರಿ. ಬರುತ್ತೇನೆ. ಆದರೆ ಹಾರ, ಶಾಲು, ಫೋಟೊಗಳ ಗದ್ದಲದಲ್ಲಿ ಹೇಳಲಾಗದ ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ದೇವರ ವಿಷಯದಲ್ಲಿ ಎಲ್ಲರೂ ಒಪ್ಪಲಿ, ಆಮೇಲೆ ಒಟ್ಟಿಗೆ ಕೆಲಸ ಮಾಡೋಣ ಎಂದು ಕೂರಬೇಡಿ. ಮೊದಲು ಕೆಲಸ ಹಿಡಿಯಿರಿ. ಫೆಲೋಶಿಪ್ ಆಫ್ ರಿಕನ್ಸಿಲಿಯೇಷನ್ ಎಂಬ ಬಳಗದ ಚರಿತ್ರೆ ಓದಿದಾಗಿನಿಂದ ನನಗೆ ಈ ವಿಷಯದಲ್ಲಿ ಅನುಮಾನ ಉಳಿದಿಲ್ಲ.

ಅದು ಹುಟ್ಟಿದ ಗಳಿಗೆಯೇ ಕೆಟ್ಟದ್ದು. 1914ರ ಆಗಸ್ಟ್ ಮೊದಲ ವಾರ. ಯುದ್ಧ ತಡೆಯಬೇಕೆಂದು ಯುರೋಪಿನ ಕ್ರೈಸ್ತರು ಜರ್ಮನಿಯ ಕಾನ್‌ಸ್ಟಾನ್ಸ್‌ನಲ್ಲಿ ಸಭೆ ಸೇರಿದ್ದರು. ಅಷ್ಟರಲ್ಲೇ ಯುದ್ಧ ಶುರುವಾಗಿ, ಬಂದವರೆಲ್ಲ ರೈಲು ಹತ್ತಿ ತಮ್ಮ ತಮ್ಮ ದೇಶಕ್ಕೆ ಮರಳಬೇಕಾಯಿತು. ಕಲೋನ್ ನಿಲ್ದಾಣದ ಪ್ಲಾಟ್‌ಫಾರಂನಲ್ಲಿ ಇಬ್ಬರು ಕೈಕುಲುಕಿ ಬೀಳ್ಕೊಂಡರು. ಒಬ್ಬರು ಹೆನ್ರಿ ಹಾಡ್ಜ್‌ಕಿನ್, ಚೀನಾದಲ್ಲಿ ವೈದ್ಯರಾಗಿದ್ದ ಇಂಗ್ಲಿಷ್ ಕ್ವೇಕರ್. ಇನ್ನೊಬ್ಬರು ಫ್ರೀಡ್ರಿಶ್ ಸೀಗ್‌ಮುಂಡ್ ಶುಲ್ಟ್ಸೆ, ಜರ್ಮನಿಯ ಲುಥೆರನ್ ಪಾದ್ರಿ. ದೇಶ ದೇಶಗಳು ಹೊಡೆದಾಡಿದರೂ ನಮ್ಮಿಬ್ಬರ ನಡುವೆ ಹಗೆಯಿಲ್ಲ ಎಂದು ಅವರು ಮಾತು ಕೊಟ್ಟುಕೊಂಡರು. ಆ ಡಿಸೆಂಬರಿನಲ್ಲಿ ಕೇಂಬ್ರಿಜ್‌ನಲ್ಲಿ ಬಳಗ ಸ್ಥಾಪನೆಯಾಯಿತು, ಮರುವರ್ಷ ಅಮೆರಿಕದಲ್ಲಿ, 1919ರಲ್ಲಿ ಹಾಲೆಂಡಿನಲ್ಲಿ ಅಂತರರಾಷ್ಟ್ರೀಯ ಸಂಘಟನೆ. ಇದರಿಂದ ಯುದ್ಧ ನಿಂತಿತೇ? ಇಲ್ಲ. ಮುಂದೆ ಅದಕ್ಕಿಂತ ದೊಡ್ಡದೂ ಬಂತು. ಸೀಗ್‌ಮುಂಡ್ ಶುಲ್ಟ್ಸೆಯವರನ್ನು 1933ರಲ್ಲಿ ನಾಜಿಗಳು ದೇಶದಿಂದಲೇ ಹೊರಗಟ್ಟಿದರು. ಬಿತ್ತಿದ ವರ್ಷವೇ ಫಸಲು ಬೇಕೆನ್ನುವವರು ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು.

ಆಗ ಅದು ಕ್ರೈಸ್ತರದ್ದೇ ಬಳಗ, ಇದನ್ನು ಮರೆಯಬೇಡಿ. ಬೇರೆಯವರಿಗೆ ಬಾಗಿಲು ತೆರೆಯಲು ಹಲವು ದಶಕ ಹಿಡಿಯಿತು. ನಾನು ಓದಿಕೊಂಡ ಮಟ್ಟಿಗೆ ಆ ಬಾಗಿಲು ತೆರೆದದ್ದು ಕಷ್ಟದಲ್ಲಿ ಜೊತೆಯಾದವರಿಂದ. ಸೈನ್ಯಕ್ಕೆ ಸೇರಲೊಪ್ಪದ ಯಹೂದಿ ಯುವಕರ ಬೆಂಬಲಕ್ಕಾಗಿ 1941ರಲ್ಲಿ ಯಹೂದಿ ಶಾಂತಿ ಬಳಗ ಹುಟ್ಟಿತು. 1947ರಲ್ಲಿ ಎಂಟು ಜನ ಕಪ್ಪು ವರ್ಣೀಯರು, ಎಂಟು ಜನ ಬಿಳಿಯರು ಬಳಗದ ಪರವಾಗಿ ಒಟ್ಟಿಗೆ ಬಸ್ಸು ಹತ್ತಿ ಅಮೆರಿಕದ ದಕ್ಷಿಣದ ಕಡೆ ಹೊರಟರು. ಅಂತರರಾಜ್ಯ ಬಸ್ಸಿನಲ್ಲಿ ಬಣ್ಣ ನೋಡಿ ಸೀಟು ಕೊಡಕೂಡದು ಎಂದು ಸುಪ್ರೀಂ ಕೋರ್ಟ್ ಹಿಂದಿನ ವರ್ಷವೇ ಹೇಳಿದ್ದರೂ ಪಾಲಿಸುವವರಿರಲಿಲ್ಲ. ಅವರಲ್ಲಿ ಬಳಗದ ಕಾರ್ಯಕರ್ತರಾಗಿದ್ದ ಕ್ವೇಕರ್ ಬೇಯಾರ್ಡ್ ರಸ್ಟಿನ್, ಯಹೂದಿ ಮನೆತನದ ಇಗಲ್ ರೂಡೆಂಕೊ ಇಬ್ಬರಿಗೂ ಉತ್ತರ ಕೆರೊಲಿನಾದಲ್ಲಿ ಕೈದಿಗಳ ರಸ್ತೆ ಕೂಲಿಯ ಶಿಕ್ಷೆಯಾಯಿತು. 1966ರಲ್ಲಿ ವಿಯೆಟ್ನಾಂನ ಬೌದ್ಧ ಭಿಕ್ಷು ತಿಕ್ ನಾತ್ ಹಾನ್ ಅವರನ್ನು ಕರೆಸಿ ಅಮೆರಿಕದ ಊರೂರಿಗೆ ಕರೆದೊಯ್ದವರಲ್ಲಿ ಈ ಬಳಗದವರೂ ಇದ್ದರು. ಬಾಂಬು ಹಾಕುತ್ತಿದ್ದ ದೇಶದ ಜನ, ಬಾಂಬು ಬೀಳುತ್ತಿದ್ದ ಊರಿನವನ ಮಾತು ಕೇಳಲೆಂದು. ಬೌದ್ಧರ ಶಾಂತಿ ಬಳಗ 1978ರಲ್ಲಿ, ಮುಸ್ಲಿಮರದ್ದು 1994ರಲ್ಲಿ ಬಂತು. ಮೊದಲ ಸಭೆಯಿಂದ ಲೆಕ್ಕ ಹಾಕಿದರೆ ಎಂಬತ್ತು ವರ್ಷ.

ಇಷ್ಟು ಹೇಳಿ ಅವರನ್ನು ಪೀಠದ ಮೇಲೆ ಕೂರಿಸಿದರೆ ನಿಮಗೆ ಅನ್ಯಾಯವಾಗುತ್ತದೆ. ಅದೇ ರಸ್ಟಿನ್ ಸಲಿಂಗಿ ಎಂಬುದು 1953ರಲ್ಲಿ ಒಂದು ಬಂಧನದಿಂದ ಬಯಲಾದಾಗ ಬಳಗ ಅವರನ್ನು ಹೊರಗೆ ಕಳಿಸಿತು. ಹಗೆಗಳನ್ನು ಕೂಡಿಸಲು ಹೊರಟವರಿಗೆ ಮನೆಯೊಳಗಿನವನನ್ನು ಉಳಿಸಿಕೊಳ್ಳಲಾಗಲಿಲ್ಲ. ಹತ್ತು ವರ್ಷದ ಮೇಲೆ, 1963ರಲ್ಲಿ, ನಾಗರಿಕ ಹಕ್ಕುಗಳಿಗಾಗಿ ನಡೆದ ವಾಷಿಂಗ್ಟನ್ನಿನ ಮಹಾಮೆರವಣಿಗೆಯನ್ನು ಸಂಘಟಿಸಿದ್ದು ಅವರೇ. ನಿಮ್ಮ ಗುಂಪಿನಲ್ಲೂ ಇಂಥ ದಿನ ಬರುತ್ತದೆ. ಒಬ್ಬನಿಂದ ಹೆಸರು ಕೆಡುತ್ತದೆ, ಅವನನ್ನು ಬಿಡೋಣ ಎಂದು ಯಾರೋ ಮೆಲ್ಲಗೆ ಹೇಳುತ್ತಾರೆ. ಹಾಗೆ ಹೇಳುವವರು ಬಹುಪಾಲು ಒಳ್ಳೆಯವರೇ ಆಗಿರುತ್ತಾರೆ. ಆಗ ಯಾರ ಪಕ್ಕದಲ್ಲಿ ನಿಲ್ಲುತ್ತೀರಿ ಎಂದು ಈಗಲೇ ಯೋಚಿಸಿಡಿ.

ಇನ್ನು ತಯಾರಿಯ ಮಾತು. ಇದನ್ನು ಜೇಮ್ಸ್ ಲಾಸನ್ ಅವರಿಂದ ಕಲಿಯಬೇಕು. ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲೊಪ್ಪದೆ ಜೈಲು ಕಂಡ ಮೆಥಡಿಸ್ಟ್ ತರುಣ. ಆಮೇಲೆ ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಮೂರು ವರ್ಷ ಕೆಲಸ ಮಾಡುತ್ತ ಗಾಂಧಿಯ ದಾರಿಯನ್ನು ಹತ್ತಿರದಿಂದ ಅಭ್ಯಾಸ ಮಾಡಿದರು. ಅಮೆರಿಕಕ್ಕೆ ಮರಳಿ ಬಳಗದ ಕಾರ್ಯಕರ್ತರಾಗಿ ನ್ಯಾಶ್‌ವಿಲ್‌ನಲ್ಲಿ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟರು. ಭಾಷಣ ಕಡಿಮೆ, ತಾಲೀಮು ಹೆಚ್ಚು. ಒಬ್ಬ ಕುರ್ಚಿಯಲ್ಲಿ ಕೂರುವುದು. ಉಳಿದವರು ಬೈಯುವುದು, ಮುಖಕ್ಕೆ ಹೊಗೆ ಬಿಡುವುದು, ಕುರ್ಚಿಯಿಂದ ಎಳೆದು ಕೆಡಹುವುದು. ಅವನು ತಿರುಗಿ ಕೈ ಎತ್ತಬಾರದು. ತಿಂಗಳುಗಟ್ಟಲೆ ನಡೆದ ಈ ತಾಲೀಮಿನ ನಂತರವೇ 1960ರ ಫೆಬ್ರವರಿಯಲ್ಲಿ ಅವರು ಬಿಳಿಯರಿಗಷ್ಟೇ ಮೀಸಲಾಗಿದ್ದ ಊಟದ ಕೌಂಟರ್‌ಗಳಲ್ಲಿ ಹೋಗಿ ಕೂತದ್ದು.

ನೀವೂ ಎಲ್ಲ ಕೇರಿಯ ಹುಡುಗರೂ ಒಂದೆಡೆ ಕೂತು ಬರೆದುಕೊಳ್ಳಿ. ಮೆರವಣಿಗೆಯ ದಿನ ಮೊಬೈಲಿಗೆ ಸುಳ್ಳು ವಿಡಿಯೊ ಬಂದರೆ ಮೊದಲು ಯಾರು ಯಾರಿಗೆ ಫೋನ್ ಮಾಡಬೇಕು? ಮಸೀದಿ ಬೀದಿಯ ತಿರುವಿನಲ್ಲಿ ಯಾರು ನಿಲ್ಲಬೇಕು? ಠಾಣೆಗೆ ಯಾರು ಹೋಗಬೇಕು? ಮುಂಗೋಪಿಗಳನ್ನು ಯಾವ ಕೆಲಸಕ್ಕೆ ಹಾಕಬೇಕು? ಬರೆದದ್ದನ್ನು ನಾಲ್ಕಾರು ಸಲ ಮಾಡಿ ನೋಡಿ. ಮೊದಲ ಸಲ ನಗು ಬರುತ್ತದೆ, ಬರಲಿ.

ಇನ್ನೊಂದು. ನ್ಯಾಶ್‌ವಿಲ್‌ನಲ್ಲಿ ಮೇಯರ್ ಎದುರು ನಿಂತು, ಬಣ್ಣ ನೋಡಿ ಜನರನ್ನು ದೂರ ಇಡುವುದು ಸರಿಯೇ ಎಂದು ನೇರವಾಗಿ ಕೇಳಿದ್ದು ಆ ವಿದ್ಯಾರ್ಥಿಗಳಲ್ಲಿ ಒಬ್ಬರಾದ ಡಯೇನ್ ನ್ಯಾಶ್. ಆಗ ಆಕೆಗೆ 21 ವರ್ಷ. ಸರಿಯಲ್ಲ ಎಂದು ಮೇಯರ್ ಒಪ್ಪಬೇಕಾಯಿತು. ಮೂರು ವಾರದಲ್ಲಿ ಆ ಕೌಂಟರ್‌ಗಳು ಎಲ್ಲರಿಗೂ ತೆರೆಯತೊಡಗಿದವು. ನೀವು ಕಳಿಸಿದ ಸಮಿತಿಯ ಪಟ್ಟಿಯಲ್ಲಿ ಒಬ್ಬ ಹುಡುಗಿಯ ಹೆಸರೂ ಕಾಣಲಿಲ್ಲ. ಈ ವಾರವೇ ಸರಿಮಾಡಿ.